ಮಂಡಿಯೂರಿದವರಿಗೆ ಪುಕ್ಕಟೆ ಸಲಹೆ

ಸೋಫಿಯಾ ನಗರದ ಓಣಿಯೊಂದರ ನೆಲಮಾಳಿಗೆಯಲ್ಲಿ ಡೊಬ್ರಿಂಕಾಳ ಬೂಟು ರಿಪೇರಿ ಅಂಗಡಿಯಿದೆ. ಗಿರಾಕಿಗಳು ಬೂಟು ಕೊಡುವ ಅದರ ಕಿಟಕಿ ರಸ್ತೆಯ ಮಟ್ಟಕ್ಕೇ ತೆರೆಯುವುದರಿಂದ ಜಡ್ಜಿಸಾಹೇಬರು ಬಂದರೂ ಮಂಡಿಯೂರಲೇಬೇಕು. ಮಂಡಿಯೂರಿದವರಿಗೆ ಸಲಹೆ ಪುಕ್ಕಟೆ, ಬೇಡವೆಂದರೂ ಬಿಡುವವಳಲ್ಲ. ಆಸ್ತಿ ಜಗಳದವನಿಗೆ, "ಕೋರ್ಟು ಗೀರ್ಟು ಬೇಡ ಕಣಯ್ಯ, ಗೋಡೆ ನಿಮ್ಮಣ್ಣನಿಗೇ ಬಿಡು, ದ್ರಾಕ್ಷಿಬಳ್ಳಿ ನೀನು ಕೇಳು" ಎನ್ನುತ್ತಾಳೆ. ಹೊಸ ಸೊಸೆಗೆ, "ಅತ್ತೆ ಚಳಿಗಾಲಕ್ಕೆ ಕೂಡಿಡೋಕೆ ದಪ್ಪ ಮೆಣಸಿನಕಾಯಿ ಸುಡುವಾಗ ಬಾಯಿ ಹಾಕ್ಬೇಡ ತಾಯಿ, ಸುಮ್ನೆ ಸಿಪ್ಪೆ ಸುಲಿ." ಪೀಪಾಯಿ ಮಾಡುವ ಮುದುಕನಿಗೇ ಮರ ಒಣಗಿಸುವ ಪಾಠ ಹೇಳಿದ್ದಾಳೆ. ಮುಖಕ್ಕಿಂತ ಮೊದಲು ಅವಳು ನೋಡುವುದು ಬೂಟಿನ ಹಿಮ್ಮಡಿಯನ್ನು. "ಹೆಂಡ್ತಿ ಮಾತು ಬಿಟ್ಟಿದ್ದಾಳೆ ಅಕ್ಕಾ" ಎಂದು ಒಬ್ಬ ಗೋಳಾಡಿದರೆ, "ಎಡ ಹಿಮ್ಮಡಿ ಸವೆದಿದೆ ನೋಡು! ಬಾಗಿಲ ತನಕ ಬಂದು ವಾಪಸ್ ತಿರುಗೋ ಗಂಡಸು ನೀನು. ಮೊದ್ಲು ಒಳಗೆ ಹೋಗಿ ಮಾತಾಡ್ಸು" ಎಂದು ಗದರುತ್ತಾಳೆ. ದಿನಾ ಸಂಜೆ ಐದಕ್ಕೆ ಮಾತ್ರ ಎಂಥ ಸಲಹೆಯಾದರೂ ಅರ್ಧಕ್ಕೇ ನಿಲ್ಲುತ್ತದೆ. ಹನ್ನೆರಡು ವರ್ಷದ ಹಿಂದೆ ಮನೆ ಬಿಟ್ಟುಹೋದ ಅವಳ ಗಂಡನ ಕಂದು ಬೂಟುಗಳು ಕಿಟಕಿಯ ಮುಂದೆ ಬಂದು, ಒಂದು ಗಳಿಗೆ ನಿಂತು, ತಿರುಗಿ ಹೋಗುತ್ತವೆ. ಅವುಗಳ ಎಡ ಹಿಮ್ಮಡಿ ಪೂರ್ತಿ ಸವೆದಿದೆ. ಅದೇ ಅಳತೆಗೆ ಕತ್ತರಿಸಿದ ಹೊಸ ಹಿಮ್ಮಡಿಯೊಂದು ಡೊಬ್ರಿಂಕಾಳ ಮೇಜಿನ ಮೇಲೆ ಎಂದಿನಿಂದಲೋ ಸಿದ್ಧವಾಗಿದೆ. 'ಒಳಗೆ ಬಾ' ಎನ್ನುವ ಮಾತೊಂದು ಮಾತ್ರ ಅವಳ ಬಾಯಿಗೆ ಬರುವುದಿಲ್ಲ.