ಕಲ್ಕತ್ತೆಯ ಟ್ರಾಮಿಗೆ ಬೆಂಕಿ ಬಿದ್ದ ದಿನ

ಮೊದಲು ಕಿಟಕಿಯ ಗಾಜು ಒಡೆದು ನನ್ನ ತೊಡೆಯ ಮೇಲೆ ಬಿತ್ತು. ಆಮೇಲೆ ಸೀಮೆಎಣ್ಣೆಯ ವಾಸನೆ. ಏನಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ಹಿಂದಿನ ಡಬ್ಬಿ ಧಗಧಗ ಉರಿಯುತ್ತಿತ್ತು.

ಟ್ರಾಮು ಎಂದರೆ ಬೀದಿಯ ನಡುವೆಯೇ ಹಳಿ ಹಾಕಿ, ಮೇಲಿನ ತಂತಿಯ ವಿದ್ಯುತ್ತಿನಿಂದ ಓಡಿಸುವ ಸಣ್ಣ ರೈಲು. ನಮ್ಮ ಹೊಸನಗರದಲ್ಲಿ ಸಾಗರದ ಬಸ್ಸಿನ ಡ್ರೈವರು ‘ಇನ್ಯಾರಾದ್ರೂ ಬರೋರು ಇದ್ರಾ?’ ಎಂದು ಕೇಳಿಯೇ ಹೊರಡುತ್ತಾನೆ. ಟ್ರಾಮು ಯಾರನ್ನೂ ಕೇಳುವುದಿಲ್ಲ. ಜನ ಜೋತುಬಿದ್ದು, ತಳ್ಳಾಡಿ ಹತ್ತುತ್ತಾರೆ. ಕಲ್ಕತ್ತೆ ಬೆಳೆದು ಸುತ್ತಲಿನ ಊರುಗಳನ್ನೆಲ್ಲ ನುಂಗಿತ್ತು. ಅಲ್ಲಿಗೆಲ್ಲ ಟ್ರಾಮಿನ ಹಳಿ ಚಾಚಿ, ಬಸ್ಸು, ಲೋಕಲ್ ರೈಲುಗಳಿಗೆ ಜೋಡಿಸುವ ಯೋಜನೆ ತಯಾರಾಗುತ್ತಿತ್ತು. ಆ ಯೋಜನೆಯ ಕಚೇರಿಯಲ್ಲಿ ನಾನು ನಕ್ಷೆ ಬರೆಯುವವನು. ಗೇಣಿ ಮನೆತನದವನಿಗೆ ಅದು ದೊಡ್ಡ ಕೆಲಸವೇ.

ಹೆಂಡತಿ ಗಿರಿಜೆಯೂ ನಮ್ಮ ಕಡೆಯವಳೇ, ಮೇಳಿಗೆ ಊರಿನವಳು. ನಮ್ಮ ಒಂದೇ ಕೋಣೆಯ ಮನೆಯಿಂದ ಅವಳು ಹೊರಗೆ ಹೋದದ್ದೇ ಕಡಿಮೆ.

“ಎಂತ ಊರು ಮಾರಾಯ್ರೆ ಇದು! ಮೀನಿಗೂ ಸಾಸ್ವೆ ಎಣ್ಣೆ. ಮಾತಾಡಕ್ಕೆ ಒಂದು ಜನ ಇಲ್ಲ. ಊರಿಗೆ ಹೋಗನ,” ಎಂದು ದಿನವೂ ಅನ್ನುತ್ತಿದ್ದಳು. ಪಕ್ಕದ ಮನೆಯ ವಿಧವೆಯೊಬ್ಬರು ಮಾತ್ರ ಬಂದು ಹೋಗುತ್ತಿದ್ದರು. ಅವರನ್ನು ‘ಮಾಶಿ’ ಎನ್ನುತ್ತಿದ್ದೆವು, ಅಂದರೆ ಚಿಕ್ಕಮ್ಮ.

ಆ ವರ್ಷ ಅಕ್ಕಿಗೆ ಬರ. ಹಸಿದ ಜನಕ್ಕೆ ಸರ್ಕಾರ ಕೈಗೆ ಸಿಗಲಿಲ್ಲ, ಟ್ರಾಮು ಸಿಕ್ಕಿತು. ಎಲ್ಲಿ ಹೆಚ್ಚು ಜನ ಇಳಿದು ರೈಲಿಗೆ ಹೋಗುತ್ತಾರೆ ಎಂದು ನೋಡಲು ಅಂದು ನಾನು ಮುಂದಿನ ಡಬ್ಬಿಯಲ್ಲಿದ್ದೆ. ನಕ್ಷೆಯ ಸುರುಳಿ ಹಿಡಿದು ಹೊರಗೆ ಹಾರಿದೆ.

“ಕಂಪನಿರ್ ದಾಲಾಲ್!” ಎಂದು ಯಾರೋ ಕೂಗಿದರು. ಟ್ರಾಮು ಕಂಪನಿಯ ದಲ್ಲಾಳಿ ಎಂದು.

ಅಲ್ಲ ಎಂದು ನನ್ನ ಹರುಕು ಬಂಗಾಳಿಯಲ್ಲಿ ಹೇಳಹೊರಟೆ. ಹೆಗಲಿಗೆ ಕಬ್ಬಿಣದ ಸರಳು ಬಿತ್ತು. ಕೆಳಗೆ ಬಿದ್ದವನ ಬಾಯಿಗೆ ಒದ್ದರು. ಮುದುಕನೊಬ್ಬ ನನಗೆ ಚಪ್ಪಲಿಯಲ್ಲಿ ಹೊಡೆಯುತ್ತ, “ಭಾತ್ ದೇ, ಭಾತ್ ದೇ” ಎಂದು ಅಳುತ್ತಿದ್ದ. ಅನ್ನ ಕೊಡು ಎಂದು. ಆಗ ಪೊಲೀಸರ ಗುಂಡು ಹಾರಿತು. ಆ ಮುದುಕ ಕುಸಿದು ನನ್ನ ಮೇಲೆಯೇ ಬಿದ್ದ. ನನ್ನ ಕತ್ತಿನ ಮೇಲೆ ಬಿಸಿಯಾಗಿ ಹರಿದದ್ದು ನನ್ನ ರಕ್ತವಲ್ಲ. ಅವನ ಭಾರದಡಿಯಲ್ಲಿ ಉಸಿರು ಕಟ್ಟಿ ಎಚ್ಚರ ತಪ್ಪಿತು.

ಮರುದಿನ ಬೆಳಿಗ್ಗೆ ಕರ್ಫ್ಯೂ ಸಡಿಲವಾದ ಕೂಡಲೇ ಗಿರಿಜೆ ಮಾಶಿಯ ಕೈ ಹಿಡಿದು ಹೊರಟಳಂತೆ. ಸುಟ್ಟು ಕರಕಾದ ಟ್ರಾಮುಗಳನ್ನು ದಾಟಿ ಆಸ್ಪತ್ರೆ ಆಸ್ಪತ್ರೆಯಲ್ಲಿ ನನ್ನನ್ನು ಹುಡುಕಿದಳು. ದಾರಿಯಲ್ಲಿ ಮಾಶಿ ಕಲಿಸಿದ ಒಂದೇ ಮಾತು ಅವಳ ಬಾಯಲ್ಲಿ: “ಆಮಾರ್ ಶಾಮಿ ಕೋಥಾಯ್?” ನನ್ನ ಗಂಡ ಎಲ್ಲಿ? ಕೊನೆಗೆ ಒಂದು ಆಸ್ಪತ್ರೆಯಲ್ಲಿ ನನ್ನ ಊದಿದ ಮುಖವನ್ನು ಬಗ್ಗಿ ನೋಡಿ, “ಹೋಯ್, ನೀವೇ ಅಲ್ದಾ?” ಎಂದಳು. ನಾನು ಕಣ್ಣು ಬಿಟ್ಟ ಮೇಲೆಯೇ ಅವಳು ಅತ್ತದ್ದು.

ವಾಸಿಯಾಗಲೆಂದು ಊರಿಗೆ ಬಂದೆವು. ಹೊಸನಗರದ ನಿಲ್ದಾಣದಲ್ಲಿ ಕಂಡಕ್ಟರು ಬಸ್ಸಿನ ತಗಡಿಗೆ ಕೈಯಿಂದ ಬಡಿದ. ನಾನು ಸೀಟಿನ ಕೆಳಗೆ ಕುಕ್ಕರಿಸಿಬಿಟ್ಟೆ. ಬಸ್ಸಿನವರೆಲ್ಲ ನಕ್ಕರು.

“ಇನ್ನು ಅಲ್ಲಿಗೆ ಹೋಗದೇ ಬ್ಯಾಡ ಮಾರಾಯ. ಗದ್ದೆ ಐತಲ್ಲ,” ಎಂದ ಅಣ್ಣ. ನಾನು ಒಪ್ಪುವುದರಲ್ಲಿದ್ದೆ.

“ಇಲ್ಲ ಭಾವ, ಹೋಗ್ತೀವಿ,” ಎಂದಳು ಗಿರಿಜೆ. “ಅವತ್ತು ಮಾಶಿ ನನ್ನ ಕೈ ಬಿಡ್ಲಿಲ್ಲ. ಅವ್ರ ಹತ್ರ ವಾಪಸ್ ಬರ್ತೀನಿ ಅಂದಿದೀನಿ.”

ಹಾಗೆ ಕಲ್ಕತ್ತೆಗೆ ಮರಳಿ ಬಂದೆವು. ಕಚೇರಿಯಲ್ಲಿ ಅದೇ ನಕ್ಷೆಯನ್ನು ಹೊಸದಾಗಿ ಬರೆದೆ. ಗಿರಿಜೆ ಈಗ ಪೇಟೆಯಲ್ಲಿ ಒಬ್ಬಳೇ ಚೌಕಾಸಿ ಮಾಡುತ್ತಾಳೆ. ನಾನು ಮಾತ್ರ ಇಂದಿಗೂ ಟ್ರಾಮಿನಲ್ಲಿ ಬಾಗಿಲ ಬಳಿಯೇ ನಿಲ್ಲುತ್ತೇನೆ. ಈ ಊರನ್ನು ಪರವೂರು ಎನ್ನಲು ಬಾಯಿ ಬರುವುದಿಲ್ಲ, ನಮ್ಮೂರು ಎನ್ನಲು ಧೈರ್ಯ ಸಾಲದು. ರಜೆಯಲ್ಲಿ ಹೊಸನಗರದಲ್ಲಿ ಇಳಿದರೆ ಜನ ‘ಕಲ್ಕತ್ತೆಯೋರು ಬಂದ್ರಾ?’ ಎಂದು ಕೇಳುತ್ತಾರೆ. ಹ್ಞೂಂ ಅನ್ನುತ್ತೇನೆ.