ಮೆಂಬರ್ ಆಫೀಸಿಗೆ ಹೋದವರು

ಆ ಬೀದಿಯ ಕ್ಷೌರಿಕನಿಗೆ ಬೆನ್ನಲ್ಲೂ ಕಣ್ಣಿದೆ ಎಂದು ಜನ ಹೇಳುತ್ತಿದ್ದರು. ಅಂಗಡಿಯ ಒಂದು ಗೋಡೆಯ ತುಂಬ ಕನ್ನಡಿ. ಗಿರಾಕಿಯ ತಲೆಯ ಮೇಲೆ ಕತ್ತರಿ ಆಡುತ್ತಿದ್ದರೆ ಅವನ ಕಣ್ಣು ಕನ್ನಡಿಯೊಳಗಿನ ಬೀದಿಯ ಮೇಲೆ ಆಡುತ್ತಿತ್ತು. ಯಾರು ಯಾರ ಮನೆಗೆ ಹೋದರು, ಯಾರನ್ನು ಕಂಡು ಯಾರು ಮುಖ ತಿರುಗಿಸಿದರು, ಎಲ್ಲ ಅವನಿಗೆ ಗೊತ್ತು. ಹೀಗಾಗಿ ಅವನ ಹೆಸರೇ ‘ಕನ್ನಡಿ’ ಎಂದಾಗಿಬಿಟ್ಟಿತ್ತು.

ಅಪ್ಪ ತೀರಿಕೊಂಡಾಗ ಶಾಲೆ ಬಿಟ್ಟು ಹಿಡಿದ ಕತ್ತರಿ ಅದು. ಅದರಿಂದಲೇ ತಂಗಿಯನ್ನು ದಡ ಮುಟ್ಟಿಸಿದ್ದ, ಮಗಳನ್ನು ಓದಿಸಿ ನೌಕರಿಗೆ ಹಚ್ಚಿದ್ದ. ಬದುಕು ಅವನಿಗೆ ಕಲಿಸಿದ ಪಾಠ ಒಂದೇ: ಪುಕ್ಕಟೆ ಸಿಗುವುದರ ಹಿಂದೆ ಯಾರದೋ ಕೈ ಇರುತ್ತದೆ. ಹಾಗಾಗಿ ಅಂಗಡಿಯ ಎದುರಿಗೇ ಆರೋಗ್ಯ ಕೇಂದ್ರ ತೆರೆದಾಗ ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರೆ ಅವನು ಕೈ ಕಟ್ಟಿ ನಿಂತಿದ್ದ.

ಕೇಂದ್ರ ತರಿಸಿದವನು ವಾರ್ಡಿನ ಮೆಂಬರ್. ಮೊದಲು ಅದೇ ಬೀದಿಯಲ್ಲಿ ಸೈಕಲ್ ರಿಪೇರಿ ಮಾಡಿಕೊಂಡಿದ್ದವನು.

“ಮೊನ್ನೆವರೆಗೂ ಟ್ಯೂಬಿಗೆ ಪಂಕ್ಚರ್ ಹಾಕ್ತಿದ್ದ, ಈಗ ಜನರ ಶ್ವಾಸಕೋಶಕ್ಕೆ ಹಾಕ್ತಾನಂತೆ,” ಎಂದು ಕನ್ನಡಿ ಗಿರಾಕಿಗಳನ್ನು ನಗಿಸಿದ. “ನೋಡ್ತಾ ಇರಿ, ಇದರಲ್ಲಿ ಏನೋ ಇದೆ.”

ಅವನ ಮಾತು ನಿಜವಾಗುವ ಹಾಗೇ ಕಂಡಿತು. ಕೇಂದ್ರಕ್ಕೆ ಗಾಜಿನ ಬಾಗಿಲು, ಬೀದಿಗೆ ಮುಖಮಾಡಿದ ಬೆಂಚು, ಬಿಳಿ ಕೋಟು ತೊಟ್ಟ ಸಿಸ್ಟರ್. ಬೆಂಚಿನ ಮೇಲೆ ಮಾತ್ರ ನೊಣವೂ ಕೂರುತ್ತಿರಲಿಲ್ಲ. ಜನ ನುಗ್ಗುತ್ತಿದ್ದದ್ದು ಅದರ ಪಕ್ಕದ, ಗೋಡೆಗೆ ಗೋಡೆ ಹೊಂದಿಕೊಂಡ ಮೆಂಬರ್ ಆಫೀಸಿಗೆ. ಅಲ್ಲಿ ಬಾಗಿಲಿಗೆ ದಪ್ಪನೆಯ ಪರದೆ. ಎಂದೂ ಯಾರ ಹತ್ತಿರವೂ ಏನನ್ನೂ ಕೇಳದವರು ಕೂಡ ಆಚೀಚೆ ನೋಡಿ ಪರದೆ ಸರಿಸಿ ಒಳಗೆ ನುಸುಳುತ್ತಿದ್ದರು. ಹೋದವರು ಬೇಗ ಬರುತ್ತಿರಲಿಲ್ಲ. ಬಂದಾಗ ಕೈಚೀಲವನ್ನು ಎದೆಗೆ ಅವುಚಿಕೊಂಡಿರುತ್ತಿದ್ದರು.

ಒಂದು ದಿನ ಹಿಟ್ಟಿನ ಗಿರಣಿಯವನು ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದಾಗ ಕನ್ನಡಿ ಮೆಲ್ಲಗೆ ಕೇಳಿದ.

“ಏನಣ್ಣ, ನಿನ್ನೆ ಮೆಂಬರ್ ಆಫೀಸಲ್ಲಿ ಏನು ಕೆಲಸ?”

“ಅದಾ? ರಸ್ತೆ ದೀಪದ ವಿಷಯ.”

“ದೀಪ ಉರೀತಾನೇ ಇದೆಯಲ್ಲ?”

“ಅದೇ ಕಣಯ್ಯ, ಹಗಲೂ ಉರೀತಿದೆ ಅಂತ ಹೇಳೋಕೆ ಹೋಗಿದ್ದೆ. ನೀನು ಗಡ್ಡ ಕೆರಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರೇ ಎಲ್ಲ! ಕನ್ನಡಿಗೆ ಅನುಮಾನ ಗಟ್ಟಿಯಾಯಿತು. ಕೇಂದ್ರ ಬರೀ ತೋರಿಕೆಗೆ, ಪರದೆಯ ಹಿಂದೆ ನಡೆಯುವುದೇ ವ್ಯಾಪಾರ, ಹೋದವರೆಲ್ಲ ಏನೋ ತೆತ್ತು ಬರುತ್ತಾರೆ ಎಂದು ಬಂದ ಗಿರಾಕಿಗಳಿಗೆಲ್ಲ ಹೇಳತೊಡಗಿದ. ಚುನಾವಣೆಯೂ ಹತ್ತಿರ ಬರುತ್ತಿತ್ತು. “ಈ ಸಲ ಅವನು ಗೆದ್ರೆ ನಾನು ಕತ್ತರಿ ಬಿಸಾಕ್ತೀನಿ,” ಎಂದು ಪಂಥವನ್ನೂ ಕಟ್ಟಿದ.

ಅಂಥದ್ದರಲ್ಲಿ ಒಂದು ಮಧ್ಯಾಹ್ನ ಕನ್ನಡಿಯೊಳಗೆ ಅವನ ಹೆಂಡತಿ ಕಂಡಳು. ಬೀದಿಯ ಆ ತುದಿಯಿಂದ ಬಂದಳು, ಅಂಗಡಿಯ ಕಡೆ ಒಮ್ಮೆ ನೋಡಿದಳು, ಪರದೆ ಸರಿಸಿದಳು. ಕತ್ತರಿ ಗಾಳಿಯಲ್ಲೇ ನಿಂತಿತು.

ಸಂಜೆ ಊಟಕ್ಕೆ ಕೂತಾಗ ಕೇಳಿದ, “ಮಧ್ಯಾಹ್ನ ಎಲ್ಲಿಗೆ ಹೋಗಿದ್ದೆ?”

“ಅಕ್ಕನ ಮನೆಗೆ. ಯಾಕ್ರೀ?”

“ಸುಮ್ಮನೆ ಕೇಳಿದೆ.”

ಇಷ್ಟು ವರ್ಷದಲ್ಲಿ ಅವಳು ಅವನಿಗೆ ಸುಳ್ಳು ಹೇಳಿದ್ದು ಅವನಿಗೆ ತಿಳಿದಂತೆ ಅದೇ ಮೊದಲು. ಈಚೆಗೆ ಅವಳು ಸೊರಗಿದ್ದಳು. ಕೆಮ್ಮು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು, ತಟ್ಟೆ ಲೋಟ ಬೇರೆ ಇಟ್ಟುಕೊಂಡಿದ್ದಳು. ಎಲ್ಲವನ್ನೂ ಅವನು ಈಗ ಬೇರೆಯೇ ರೀತಿಯಲ್ಲಿ ಕೂಡಿಸಿ ನೋಡಿದ. ಸಾಲವೇ? ಮೆಂಬರನ ಜೊತೆ ಇನ್ನೇನಾದರೂ? ಊರಿಗೆಲ್ಲ ಹಂಚಿದ ಅನುಮಾನ ತಿರುಗಿ ಅವನ ಮನೆಯ ಹೊಸಿಲಿಗೇ ಬಂದು ಕೂತಿತ್ತು.

ಅವಳು ಮತ್ತೆ ಪರದೆ ಸರಿಸಿದ ದಿನ ನಿವೃತ್ತ ಮೇಷ್ಟ್ರು ಕುರ್ಚಿಯಲ್ಲಿದ್ದರು. ಅವರ ಅರ್ಧ ಮುಖ ಬೋಳಿಸಿ ಆಗಿತ್ತು. ಕತ್ತಿಯನ್ನು ಮೇಜಿನ ಮೇಲಿಟ್ಟು, ನೊರೆಗೈಯಲ್ಲೇ ಕನ್ನಡಿ ರಸ್ತೆ ದಾಟಿದ.

ಒಳಗೆ ಮೆಂಬರ್ ಒಬ್ಬನೇ ಪೇಪರ್ ಓದುತ್ತಿದ್ದ.

“ಎಲ್ಲಿ ಅವಳು?”

“ಕೂತ್ಕೋ ಬಾ.”

“ಕೂತ್ಕೊಳ್ಳೋಕೆ ಬಂದಿಲ್ಲ!”

ಬೀರುವಿನ ಮಗ್ಗುಲಲ್ಲಿ ಒಂದು ಸಣ್ಣ ಬಾಗಿಲಿತ್ತು. ಮೆಂಬರ್ ಏಳುವಷ್ಟರಲ್ಲಿ ಕನ್ನಡಿ ಅದನ್ನು ತಳ್ಳಿಯಾಗಿತ್ತು. ಆ ಕಡೆ ಆರೋಗ್ಯ ಕೇಂದ್ರದ ಒಳಕೋಣೆ. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಅವನ ಹೆಂಡತಿ ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದಳು. ಸಿಸ್ಟರ್ ಎದುರಿಗೆ ನಿಂತಿದ್ದರು.

“ಏನಾಗಿದೆ ನಿನಗೆ?” ಎಂದ ಕನ್ನಡಿ.

ಅವಳು ಲೋಟ ಕೆಳಗಿಟ್ಟಳು. “ಟಿಬಿ.”

“ನನಗ್ಯಾಕೆ ಹೇಳಲಿಲ್ಲ?”

“ನಿಮಗೆ ಹೇಳೋದೂ ಒಂದೇ, ಬೀದೀಲಿ ಡಂಗುರ ಹೊಡಿಸೋದೂ ಒಂದೇ. ಗೊತ್ತಾದ್ರೆ ನಿಮ್ಮ ಅಂಗಡೀಲಿ ಯಾರು ಬಂದು ಮುಖ ಕೊಡ್ತಾರೆ?”



ಸಿಸ್ಟರ್ ನಡುವೆ ಬಂದರು. “ಇವರಿಂದ ಹರಡೋ ಹಂತ ದಾಟಿದೆ, ಹೆದರಬೇಡಿ. ಆದ್ರೆ ಮಾತ್ರೆ ನಡುವೆ ಬಿಡೋ ಹಾಗಿಲ್ಲ. ಮನೆಯವರದ್ದೂ ಪರೀಕ್ಷೆ ಆಗ್ಬೇಕು ಅಂತ ಹೇಳಿ ಹೇಳಿ ನನಗೆ ಸಾಕಾಗಿತ್ತು. ನೀವೇ ಓಡಿ ಬಂದ್ರಲ್ಲ, ಒಳ್ಳೇದೇ ಆಯ್ತು. ನಾಳೆ ಬೆಳಗಿನ ಕಫ ಇದರಲ್ಲಿ ತಂದುಕೊಡಿ.” ಒಂದು ಪುಟ್ಟ ಡಬ್ಬಿಯನ್ನು ಅವನ ನೊರೆಗೈಯಲ್ಲಿ ಇಟ್ಟರು.

ಮೆಂಬರ್ ಬಾಗಿಲಿಗೆ ಒರಗಿ ನಿಂತಿದ್ದ. “ಮುಂಬಾಗಿಲಿಂದ ಒಬ್ಬರೂ ಬರಲಿಲ್ಲ ಕಣೋ. ಎದುರಿಗೇ ನಿನ್ನ ಅಂಗಡಿ. ಮೆಂಬರ್ ಹತ್ರ ಕೈಯೊಡ್ಡೋಕೆ ಹೋದ ಅಂದ್ರೆ ಜನ ಎರಡು ದಿನ ಆಡ್ಕೊಂಡು ಮರೀತಾರೆ. ಕಾಯಿಲೆ ಅಂದ್ರೆ ಮರೆಯಲ್ಲ. ಅದಕ್ಕೇ ಗೋಡೆ ಒಡೆಸಿ ಬಾಗಿಲು ಇಡಿಸಿದೆ.”

“ನಾನು ನಿನ್ನ ಬಗ್ಗೆ ಏನೇನೋ ಅಂದಿದ್ದೀನಿ.”

“ಎಲ್ಲ ಕಿವಿಗೆ ಬಿದ್ದಿದೆ.”

“ನಾಳೆಯಿಂದ ನಿಲ್ಲಿಸ್ತೀನಿ.”

“ಅಯ್ಯೋ, ಬೇಡ! ದಿನಾ ಬೈಯೋನು ಇದ್ದಕ್ಕಿದ್ದ ಹಾಗೆ ಸುಮ್ಮನಾದ್ರೆ ಯಾಕೆ ಅಂತ ಜನ ಹುಡುಕ್ತಾರೆ. ನಿನ್ನ ಹೆಂಡ್ತಿ ಮಾತ್ರೆ ಮುಗಿಯೋ ತನಕ ಬೈತಾ ಇರು.”

ಕನ್ನಡಿ ಅವನನ್ನೇ ನೋಡಿದ. ಮಾತೇನೋ ನೇರವಾಗಿತ್ತು. ಆದರೆ ಬೀದಿಯ ಕಾಯಿಲೆಗಳೆಲ್ಲ ಈ ಒಬ್ಬನ ಪರದೆಯ ಹಿಂದೆ ಹಾದುಹೋಗುತ್ತಿದ್ದವು. ನಾಳೆ ಚುನಾವಣೆಯಲ್ಲಿ ಇವನಿಗೆ ಎದುರಾಡುವ ಧೈರ್ಯ ಯಾರಿಗಿದ್ದೀತು? ತನಗೇ ಇದೆಯೇ?

“ಇದರಲ್ಲಿ ನಿನಗೇನು ಲಾಭ?”

“ಹೇಳಿದ್ರೆ ನಂಬ್ತೀಯಾ?”

ಕನ್ನಡಿ ಯೋಚಿಸಿದ. “ಇಲ್ಲ.”

“ಮತ್ತೆ ಬಿಡು,” ಎಂದು ಮೆಂಬರ್ ಪೇಪರಿನ ಕಡೆ ತಿರುಗಿದ.

ಡಬ್ಬಿಯನ್ನು ಜೇಬಿನ ಆಳಕ್ಕೆ ಇಳಿಸಿ, ಆಚೀಚೆ ನೋಡಿ ಕನ್ನಡಿ ಹೊರಬಂದ. ತಾನೂ ಆಚೀಚೆ ನೋಡಿದೆನೆಂಬುದು ಅವನಿಗೆ ರಸ್ತೆಯ ನಡುವೆ ಬಂದ ಮೇಲೆ ಹೊಳೆಯಿತು.

“ಎಲ್ಲಿಗಯ್ಯಾ ಓಡಿದ್ದೆ, ಅರ್ಧ ಮುಖ ಬಿಟ್ಟು?” ಮೇಷ್ಟ್ರ ಕೆನ್ನೆಯ ಮೇಲೆ ನೊರೆ ಒಣಗಿತ್ತು.

“ಮೆಂಬರ್ ಆಫೀಸಿಗೆ.”

“ನೀನು? ಏನು ವಿಷಯ?”

“ರಸ್ತೆ ದೀಪದ ವಿಷಯ,” ಎಂದ ಕನ್ನಡಿ. ಗಿರಣಿಯವನೂ ಇದನ್ನೇ ಹೇಳಿದ್ದು ಹೇಳಿದ ಮೇಲೆ ನೆನಪಾಯಿತು.

“ಏನಂದ ಅವನು?”

ಅಷ್ಟರಲ್ಲಿ ಕನ್ನಡಿಯೊಳಗೆ ಪರದೆ ಅಲುಗಿತು. ಅವನ ಹೆಂಡತಿ ಕೈಚೀಲ ಅವುಚಿಕೊಂಡು ಹೊರಗೆ ಕಾಲಿಟ್ಟಳು. ಮೇಷ್ಟ್ರ ಕಣ್ಣೂ ಅತ್ತಲೇ ಏಳುತ್ತಿತ್ತು.

ಕ್ಷೌರಿಕ ಅವರ ಗಲ್ಲ ಹಿಡಿದು ಮುಖವನ್ನು ಆಚೆಯ ಗೋಡೆಗೆ ತಿರುಗಿಸಿದ.

“ಏನಂತಾನೆ, ಕಳ್ಳ ನನ್ಮಗ!” ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿ, ಕತ್ತಿ ಎತ್ತಿಕೊಂಡ.