ಲಗಮವ್ವನ ಕೈಯ ಭಂಡಾರ

ಲಗಮವ್ವ, ನಿನ್ನ ಮೊಮ್ಮಗನನ್ನು ಕೊಂದದ್ದು ನಿನ್ನ ಕೈಯ ಭಂಡಾರದ ಅರಿಷಿಣ ಅಲ್ಲ. ಅದು ಸುಳ್ಳು. ಆ ಸುಳ್ಳು ಹೇಳಿದವನು ನಾನು — ಗೋಕಾಕದ ಡಾಕ್ಟರ್, ನೀನು ಕಾಲು ಮುಟ್ಟಿ ನಮಸ್ಕಾರ ಮಾಡಿದ ಮನುಷ್ಯ.

ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸುವ ಆಸ್ಪತ್ರೆ ನನ್ನದು. ಬೇರೆ ಕಡೆಯಿಂದ ಕೂಸು ಬಂದರೆ ಅದರ ಮೂಗು, ಹೊಕ್ಕಳು ಹತ್ತಿಕಡ್ಡಿಯಿಂದ ಒರೆಸಿ ಲ್ಯಾಬಿಗೆ ಕಳಿಸಬೇಕು. ನಂಜಿಲ್ಲ ಎಂದು ಗೊತ್ತಾಗುವವರೆಗೆ ಬೇರೆ ಕೋಣೆಯಲ್ಲಿ, ಬೇರೆ ಸಿಸ್ಟರ್ ಕೈಯಲ್ಲಿ ಇಡಬೇಕು — ಹಾಗೆ ನಡೆಸಿಕೊಂಡು ಬಂದಿದ್ದೆ. ತಿಂಗಳುಗಟ್ಟಲೆ ಲ್ಯಾಬಿನವರು ಏನೂ ಇಲ್ಲ, ಏನೂ ಇಲ್ಲ ಎಂದೇ ಹೇಳಿದರು. ಆ ಬಿಲ್ಲು, ಆ ಸಿಸ್ಟರ್ ಪಗಾರ — ನನಗೆ ಸಿಟ್ಟು ಬಂತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂಗ ಆತು, ಸಾಕು ಬಿಡ್ರಿ ಎಂದೆ. ಆ ದುಡ್ಡಿಗೆ ಇನ್ನೊಂದು ಪೆಟ್ಟಿಗೆ ತಂದರೆ ಬಡವರ ಇನ್ನೊಂದು ಕೂಸು ಉಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಪೆಟ್ಟಿಗೆ ತಂದೆ, ಖರೆ. ನಿನ್ನ ಮೊಮ್ಮಗನನ್ನು ಮಲಗಿಸಿದ್ದು ಅದರಲ್ಲೇ.

ಆಮೇಲೆ ಹುಕ್ಕೇರಿಯಿಂದ ಒಂದು ಕೂಸು ಬಂತು. ಪರೀಕ್ಷೆಯಿಲ್ಲದೆ ಅದನ್ನು ನಿಮ್ಮ ಕೂಸಿನ ಬಾಜೂದಲ್ಲೇ ಇಡಿಸಿದೆ. ಅದು ಹಾಲು ಬಿಟ್ಟಿತು, ಮೈ ತಣ್ಣಗಾಯಿತು, ಬೆನ್ನಿಗೇ ನಿಮ್ಮದೂ. ಎರಡರ ರಕ್ತದಲ್ಲೂ ಒಂದೇ ನಂಜು ಎಂದು ಲ್ಯಾಬಿನಿಂದ ಫೋನು ಬಂತು. ಹುಕ್ಕೇರಿಯದು ಹೇಗೋ ಚೇತರಿಸಿಕೊಂಡಿತು. ನಿಮ್ಮದು ಉಳಿಯುವುದಿಲ್ಲ ಎಂದು ನನಗೆ ಗೊತ್ತಾದ ಬೆಳಿಗ್ಗೆ ನೀನು ಬಾಗಿಲಲ್ಲಿ ನಿಂತು, ದೇವರ ಅರಿಷಿಣ, ಒಂದೇ ಚಿಟಿಕೆ ಭಂಡಾರ, ಹಣೆಗೆ ಹಚ್ಚಲೇ ಎಂದು ಕೇಳಿದೆ. ಹೂಂ ಎಂದು ತಲೆಯಾಡಿಸಿದವನು ನಾನೇ, ಲಗಮವ್ವ.

ಮಧ್ಯಾಹ್ನ ಕೂಸು ಹೋಯಿತು. ಮೂಡಲಗಿ ಕಡೆಯಿಂದ ನಿಮ್ಮ ಮಂದಿ ಟಂಟಂ ಗಾಡಿ ತುಂಬ ಬಂದರು. ಕಿಟಕಿಯ ಗಾಜುಗಳು ಒಡೆದವು, ಔಷಧದ ಕಪಾಟು ಉರುಳಿತು, ಅಡ್ಡ ನಿಂತ ಸಿಸ್ಟರ್ ತುಟಿ ಹರಿದು ರಕ್ತ ಸುರಿಯಿತು. ನಿನ್ನ ಮಗ ಬೀರಪ್ಪ ನನ್ನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ಉಸಿರು ಕಟ್ಟಿತು — ಸತ್ತೆ ಅಂದುಕೊಂಡೆ — ಆಗ ನಿನ್ನ ಸೊಸೆಯ ತೊಡೆಯ ಮೇಲಿದ್ದ ಕೂಸಿನ ಹಣೆಯ ಹಳದಿ ಕಣ್ಣಿಗೆ ಬಿತ್ತು.

"ನನ್ನ ಯಾಕ ಹಿಡೀತಿಯೋ? ನಿಮ್ಮವ್ವ ಒಳಗ ಬಂದು ಭಂಡಾರ ಹಚ್ಚ್ಯಾಳ. ಅದರಿಂದನ ನಂಜಾತು. ಆಕೀನ ಕೇಳು."

ಕುತ್ತಿಗೆಯ ಮೇಲಿನ ಕೈ ಸಡಿಲಾಯಿತು. ಬೀರಪ್ಪ ಸಲೈನ್ ಸ್ಟ್ಯಾಂಡ್ ಎತ್ತಿಕೊಂಡು ನಿನ್ನ ಕಡೆ ತಿರುಗಿದ. ಮೊದಲ ಏಟಿಗೇ ನಿನ್ನ ಮುಂಗೈ ಮುರಿದ ಸಪ್ಪಳ ನನಗೆ ಕೇಳಿಸಿತು. ಎರಡನೆಯದು ತಲೆಗೆ ಬಿತ್ತು. ನಿಮ್ಮ ಮಂದಿ ಯಾರೂ ಬಿಡಿಸಲಿಲ್ಲ. ನಾನು... ನಾನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದೆ. ನೀನು ನೆಲದ ಮೇಲಿಂದ ಅಂದೆ —

"ಹೊಡಿ ಯಪ್ಪಾ, ಹೊಡಿ. ನನ್ನ ಕೈಯಾರೆ ಕೊಂದೇನಿ."

ಬೇರೆ ಯಾರು ನಂಬಿದ್ದರೂ ಸಹಿಸುತ್ತಿದ್ದೆನೇನೋ, ನೀನೇ ನಂಬಿಬಿಟ್ಟೆ. ತಲೆಗೆ ಹೊಲಿಗೆ ಹಾಕಿದೆ, ಕೈಗೆ ಪಟ್ಟಿ ಕಟ್ಟಿದೆ, ಬಿಲ್ಲು ಬೇಡ ಎಂದು ದೊಡ್ಡವನಾದೆ. ನೀನು ಉಳಿದೊಂದು ಕೈಯಿಂದ ನನ್ನ ಕಾಲು ಮುಟ್ಟಿದೆ. ಥೂ, ನನ್ನ ಜನ್ಮಕ್ಕಿಷ್ಟು!

ಮರುದಿನವೇ ಹತ್ತಿಕಡ್ಡಿಯ ಪರೀಕ್ಷೆ ಮತ್ತೆ ಶುರು ಮಾಡಿಸಿದೆ. ಈಗಲೂ ಬಹಳ ಸಲ ಏನೂ ಸಿಗುವುದಿಲ್ಲ. ಏನೂ ಸಿಗದಿರಲಿ ಎಂದೇ ಆ ದುಡ್ಡು ಕೊಡುವುದು ಎಂಬಷ್ಟು ಬುದ್ಧಿ ಬರಲು ನನಗೆ ನಿಮ್ಮ ಮನೆಯ ಕೂಸು ಬೇಕಾಯಿತು.

ಹೋದ ತಿಂಗಳು ಬೀರಪ್ಪನಿಗೆ ಆಮೇಲೆ ಹುಟ್ಟಿದ ಮಗಳಿಗೆ ಸೂಜಿ ಹಾಕಿಸಲು ನೀವೆಲ್ಲ ಬಂದಿದ್ದಿರಿ. ಕೂಸು ಅಳುತ್ತ ನಿನ್ನ ಕಡೆ ಕೈ ಚಾಚಿತು. ನೀನು ಸೊಟ್ಟಗೆ ಕೂಡಿದ ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದೆ ಸರಿದೆ. ಹುಟ್ಟಿದಾಗಿನಿಂದ ಒಮ್ಮೆಯೂ ಅದನ್ನು ಎತ್ತಿಲ್ಲವಂತೆ. ಕುರಿ ಹೊಡೆದುಕೊಂಡು ಹಿಡಕಲ್ ಕಡೆ ಹೋದರೆ ಮನೆಗೇ ಬರುವುದಿಲ್ಲವಂತೆ. ನಿನ್ನ ಸೊಸೆ ಹೇಳಿದಳು. ಅವತ್ತೂ ನಾನು ಬಾಯಿ ಬಿಡಲಿಲ್ಲ.

ಬರುವ ಸೋಮವಾರ ನಿಮ್ಮ ಅಂಗಳಕ್ಕೆ ಬರುತ್ತೇನೆ. ನಿನಗೆ ಓದಲು ಬರುವುದಿಲ್ಲ. ಇದನ್ನೆಲ್ಲ ಬೀರಪ್ಪನ ಎದುರು, ನಿಮ್ಮ ಮಂದಿಯ ಎದುರು ನಾನೇ ಓದುತ್ತೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ. ನೀನು ಆ ಕೂಸನ್ನು ಎತ್ತಿಕೋ — ಅಷ್ಟೇ. ಬೀರಪ್ಪ ಬಡಿಗೆ ಹಿಡಿದು ನನ್ನ ಮೇಲೆ ಎದ್ದರೆ ನೀನು ನಡುವೆ ಬರಬೇಡ, ಯವ್ವಾ. ಅವತ್ತು ನಾನು ಬರಲಿಲ್ಲ.